ಹದಿನೇಳು ಇಂಚಿನ ಮಾನಿಟರ್

ಆಗೆಲ್ಲ ಒಂದು ಗಂಟೆಯ ಲಗ್ನ ಕ್ಯಾಮೆರಾದ ಟೇಪಿನಿಂದ ಕಂಪ್ಯೂಟರಿಗೆ ಇಳಿಯಲು ಸರಿಯಾಗಿ ಒಂದು ಗಂಟೆಯೇ ಬೇಕಾಗುತ್ತಿತ್ತು. ಎಷ್ಟೇ ಅವಸರವಿದ್ದರೂ ಕೂತು ಕಾಯಲೇಬೇಕು. ಈಗ ಫೋನಿನ ಮೇಲೆ ಬೆರಳಾಡಿಸಿಯೇ ದಣಿಯುವ ನನಗೆ ಆ ಕಾಯುವಿಕೆ ನೆನಪಾದರೆ ಇನ್ನಷ್ಟು ದಣಿವಾಗುತ್ತದೆ.

ಅಪ್ಪ ಕಮಲಾಪುರದಲ್ಲಿ ಲಗ್ನದ ವಿಡಿಯೋ ತೆಗೆಯುತ್ತಿದ್ದ. ಟೇಪು ಹಿಡಿದು ಕಲಬುರಗಿಯಲ್ಲಿ ವಿಡಿಯೋ ಜೋಡಿಸಿಕೊಡುವ ಮಿಕ್ಸಿಂಗ್ ಅಂಗಡಿಗಳ ಮುಂದೆ ಕೂತು ಕೂತು ಬೇಸತ್ತು, ನಾನು ಐದನೇ ಇಯತ್ತೆಯಲ್ಲಿದ್ದಾಗ ಸ್ವಂತ ಕಂಪ್ಯೂಟರ್ ತರಲು ಹೊರಟ. ಹಟ ಮಾಡಿ ನಾನೂ ಹೋದೆ. ಸೂಪರ್ ಮಾರ್ಕೆಟ್ಟಿನಲ್ಲಿ ಸುಸ್ಲಾ-ಮಿರ್ಚಿ ತಿಂದು, ಎಣ್ಣೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಸಲೀಂ ಭಾಯಿಯ ಕಂಪ್ಯೂಟರ್ ಅಂಗಡಿ ಹತ್ತಿದೆವು. ಒಳಗೆಲ್ಲ ಹೊಸ ಥರ್ಮಾಕೋಲಿನ ವಾಸನೆ.

“ಅಣ್ಣಾರ, ನನ್ನ ಮಾತು ಕೇಳ್ರಿ,” ಎಂದ ಭಾಯಿ. “ಸಣ್ಣ ಮಾನಿಟರ್ ಸಾಕು. ಉಳಿದ ರೊಕ್ಕದಾಗ ವಿಡಿಯೋಕ್ಕಂತ ಬ್ಯಾರೆ ಹಾರ್ಡ್ ಡಿಸ್ಕ್ ಹಾಕಿಸ್ರಿ. ಒಂದೇ ಡಿಸ್ಕಿನ ಮ್ಯಾಲ ಎಲ್ಲಾ ಹೇರಿದ್ರ ಅದು ಹೈರಾಣಾಗ್ತದ. ನಡುನಡುವ ಚಿತ್ರ ಬಿಟ್ಟುಬಿಡ್ತದ.”

ಅಪ್ಪನಿಗೆ ಎರಡೂ ಬೇಕು, ಎರಡಕ್ಕೂ ರೊಕ್ಕ ಸಾಲದು. ನನ್ನತ್ತ ತಿರುಗಿದ. “ನೀ ಹೇಳವ್ವಾ, ಯಾವದು ತಗೊಳ್ಳೋಣು?”

ಹಾರ್ಡ್ ಡಿಸ್ಕ್ ಅಂದರೆ ಅಂಗೈಯಗಲದ ಒಂದು ತಗಡಿನ ಡಬ್ಬಿ; ಪೆಟ್ಟಿಗೆಯೊಳಗೆ ಸೇರಿದರೆ ಯಾರಿಗೂ ಕಾಣದು. ಹದಿನೇಳು ಇಂಚಿನ ಮಾನಿಟರ್ ಅಂಗಡಿಯ ನಟ್ಟನಡುವೆ ಹೊಳೆಯುತ್ತಿತ್ತು. ಅದಕ್ಕೇ ಬೆರಳು ತೋರಿಸಿದೆ. ಬಸ್ಸಿನಲ್ಲಿ ಸೀಟು ಅದಕ್ಕೆ ಸಿಕ್ಕಿತು, ನಾನು ಕಮಲಾಪುರದ ತನಕ ನಿಂತೇ ಬಂದೆ.

ಟೇಪು ಇಳಿಸುವಾಗ ಕಾವಲು ನನ್ನದು. ಪರದೆಯ ಮೂಲೆಯಲ್ಲಿ ಬಿಟ್ಟುಹೋದ ಚಿತ್ರಗಳ ಲೆಕ್ಕ ಬರುತ್ತಿತ್ತು. “ಎಷ್ಟದ?” ಎಂದು ಅಪ್ಪ ಹೊರಗಿನಿಂದ ಕೂಗಿದರೆ “ಸೊನ್ನಿ!” ಎಂದು ನಾನು ಒಳಗಿನಿಂದ. ಸೊನ್ನೆ ಇದ್ದರೆ ಮರುದಿನ ಹಳೆಯದನ್ನು ಅಳಿಸಿ ಅದೇ ಟೇಪಿನ ಮೇಲೆ ಇನ್ನೊಬ್ಬರ ಲಗ್ನ. ಬಾಜೂ ಕೋಣೆಯಲ್ಲಿ ಹಣ್ಣಿಗೆ ಹಾಕಿದ್ದ ಕೆಂಪು ಬಾಳೆಯ ವಾಸನೆ ಕುಡಿಯುತ್ತ, ಗುರುತಿಲ್ಲದವರ ಮೇಲೆ ಬೀಳುವ ಅಕ್ಷತೆ ನೋಡುತ್ತ ತೂಕಡಿಸುತ್ತಿದ್ದೆ.

ಆ ಬೇಸಿಗೆಯಲ್ಲೇ ಅಕ್ಕನ ಲಗ್ನವಾಯಿತು. “ನನ್ನ ಮಗಳ ಲಗ್ನ ಬ್ಯಾರೆಯವ ತೆಗಿಬೇಕೇನು?” ಎಂದು ಅಪ್ಪನೇ ಕ್ಯಾಮೆರಾ ಹೊತ್ತ. ಹೀಗಾಗಿ ಊರ ಮಂದಿಯೆಲ್ಲ ವಿಡಿಯೋದಲ್ಲಿದ್ದರೂ ಹುಡುಗಿಯ ಅಪ್ಪ ಮಾತ್ರ ಇರಲಿಲ್ಲ. ಆದರೆ ಅಕ್ಕನನ್ನು ಕಳಿಸುವ ಹೊತ್ತಿಗೆ ಅವನಿಂದ ಕ್ಯಾಮೆರಾದ ಹಿಂದೆ ನಿಲ್ಲಲಾಗಲಿಲ್ಲ. ಕ್ಯಾಮೆರಾ ನನಗೆ ಕೊಟ್ಟು, “ಒಳಗ ಕೆಂಪು ಚುಕ್ಕಿ ಕಾಣ್ತದ ನೋಡು. ಅದು ಹೋಗದಂಗ ಹಿಡಿ” ಎಂದು ಹೇಳಿ ಅಕ್ಕನ ಹತ್ತಿರ ಹೋದ.

ಮರುದಿನ ಟೇಪು ಇಳಿಸುತ್ತಿದ್ದೆ. ಪರದೆಯಲ್ಲಿ ಅಪ್ಪನ ಕೈ ಅಕ್ಕನ ತಲೆಯತ್ತ ಹೋಗಿ ಗಕ್ಕನೆ ನಿಂತಿತು. ಆಮೇಲೆ ನೋಡಿದರೆ ಕೈ ಕೆಳಗಿದೆ, ಅಕ್ಕ ಗಾಡಿಯತ್ತ ತಿರುಗಿದ್ದಾಳೆ. ಲೆಕ್ಕ ಮೂವತ್ತೆಂಟು ತೋರಿಸುತ್ತಿತ್ತು. ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಹೋದದ್ದು ಒಂದೂವರೆ ಸೆಕೆಂಡು, ಮಾತಿನ ಸಮೇತ. ಟೇಪು ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಇಳಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮಾನಿಟರ್ ಆರಿಸಿದವಳು ನಾನು, ಭಾಯಿಯ ಮಾತು ಅಪ್ಪನಿಗೂ ನೆನಪಿತ್ತು. ಹೆದರಿದೆ.

“ಎಷ್ಟದವ್ವಾ?”

“ಸೊನ್ನಿ!”

ಬೆಳಗಾಗುತ್ತಲೇ ಆ ಟೇಪು ನಂದೂರಿನ ಲಗ್ನಕ್ಕೆ ಹೋಯಿತು.

ಪಂಚಮಿಗೆ ಅಕ್ಕ ತವರಿಗೆ ಬಂದಾಗ ಎಲ್ಲರೂ ಕೂತು ನೋಡಿದೆವು. ಆ ಜಾಗ ಬಂತು, ಚಿತ್ರ ಜಿಗಿಯಿತು.

“ಅಪ್ಪಾ, ಅವಾಗ ನೀ ನನಗ ಏನೋ ಅಂದಿ. ಅಳೂದ್ರಾಗ ಕೇಳಸಲೇ ಇಲ್ಲ. ಏನಂದಿ?” ಎಂದು ಅಕ್ಕ ಕೇಳಿದಳು.

ಅಪ್ಪ ಒಮ್ಮೆ ನನ್ನನ್ನು ನೋಡಿದ. “ಏನಂದ್ನೋ, ನನಗೂ ನೆನಪಿಲ್ಲ” ಎಂದ. ಪರದೆಯತ್ತ ತಿರುಗಿ, “ಮಾನಿಟರ್ ಮಾತ್ರ ಭಾಳ ಛಂದ ಅದ” ಎಂದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈಗ ಅಪ್ಪನಿಲ್ಲ. ಮಾನಿಟರ್ ಗುಜರಿಗೆ ಹೋಯಿತು. ಫೋನಿನ ತುಂಬ ವಿಡಿಯೋಗಳಿವೆ, ಒಂದನ್ನೂ ಕಡೆತನಕ ನೋಡುವ ತ್ರಾಣವಿಲ್ಲ. ಅಕ್ಕ ಬಂದಾಗಲೆಲ್ಲ ಆ ಲಗ್ನವನ್ನೇ ಹಾಕಿಸುತ್ತಾಳೆ. ಆ ಜಾಗ ಬರುತ್ತಲೇ ಕೇಳುತ್ತಾಳೆ, “ನೀ ಅಲ್ಲೇ ನಿಂತಿದ್ದೆಲ್ಲಾ, ಅಪ್ಪ ಏನಂದ?”

ನಾನು ಕೆಂಪು ಚುಕ್ಕಿಯನ್ನೇ ನೋಡುತ್ತಿದ್ದೆ. ಕೇಳಿಸಿಕೊಂಡದ್ದು ಆ ಟೇಪು ಒಂದೇ.