ನಡುಗುತ್ತಿದ್ದ ನೆಲ

ಹಳೇ ನೂಲಿನ ಗಿರಣಿಯಲ್ಲಿ ಅವಳಿಗೆ ‘ಟಕಟಕ ಮೇಡಂ’ ಎಂದು ಹೆಸರು ಬಿದ್ದದ್ದು ಮೊದಲ ವಾರದಲ್ಲೇ. ಪುಟ್ಟ ಸುತ್ತಿಗೆ ಹಿಡಿದು ಎರಕದ ಕಬ್ಬಿಣದ ಕಂಬಗಳನ್ನು ಒಂದೊಂದಾಗಿ ತಟ್ಟಿ, ಕಿವಿಗೊಟ್ಟು ನಿಲ್ಲುತ್ತಿದ್ದಳು. ಸದ್ದು ಸರಿಯೆನಿಸದ ಕಂಬಕ್ಕೆ ಸಣ್ಣ ತೂತು ಕೊರೆದು ಕಬ್ಬಿಣದ ದಪ್ಪ ಅಳೆಯುತ್ತಿದ್ದಳು. ಕಟ್ಟಡ ಎಷ್ಟು ಭಾರ ಹೊರುತ್ತದೆಂದು ಲೆಕ್ಕ ಹಾಕುವ ಇಂಜಿನಿಯರ್ ಅವಳು. ಅವಳ ಅತ್ತೆ ಮಾತ್ರ ನೆರೆಹೊರೆಯವರಿಗೆ, “ಸೊಸೆ ಕಂಬ ತಟ್ಟೋಕೆ ಹೋಗಿದಾಳೆ” ಎನ್ನುತ್ತಿದ್ದರು.

ಮಕ್ಕಳು ದೊಡ್ಡವರಾಗುವ ತನಕ ಮನೆಯಲ್ಲಿದ್ದು, ತಲೆಯಲ್ಲಿ ಬಿಳಿ ಕೂದಲು ಇಣುಕಿದ ಮೇಲೆ ಕೆಲಸಕ್ಕೆ ಮರಳಿದವಳು. ಗಿರಣಿಯನ್ನು ಕೆಡವಬೇಕಿಲ್ಲ, ಊರಿನ ಗ್ರಂಥಾಲಯ ಮಾಡಬಹುದು ಎಂದು ವರದಿ ಬರೆದು ಕೆಳಗೆ ಒಬ್ಬಳೇ ರುಜು ಹಾಕಿದ್ದಳು. ಈ ಮಾತು ಸುಳ್ಳಾದರೆ ಅವಳಿಗೆ ಇನ್ನೊಂದು ಕೆಲಸ ಕೊಡುವವರು ಯಾರೂ ಇರಲಿಲ್ಲ.

ಕಟ್ಟಡ ಕೆಡವುವ ಗುತ್ತಿಗೆದಾರನಿಗೆ ಇದು ನುಂಗಲಾರದ ತುತ್ತಾಯಿತು. ಅವನ ಹಳದಿ ಯಂತ್ರ, ಕರೆಯದೆಯೂ ಊಟಕ್ಕೆ ಬಂದು ಕೂತ ನೆಂಟನ ಹಾಗೆ, ಆಗಲೇ ಗೇಟಿನೆದುರು ನಿಂತಿತ್ತು. ಅವನಿಗೆ ಬ್ರಹ್ಮಾಸ್ತ್ರ ಸಿಕ್ಕಿದ್ದು ಅವಳ ಮನೆಯಲ್ಲೇ. ಅತ್ತೆ ಪ್ರಾಯದಲ್ಲಿ ಇದೇ ಗಿರಣಿಯ ಮಹಡಿಯಲ್ಲಿ ನೂಲು ತೆಗೆದವರು. ಅವನು ಗಿರಣಿಯ ಬಗ್ಗೆ ಕೇಳಿದ್ದೇ ತಡ, ಯಂತ್ರಗಳೆಲ್ಲ ಶುರುವಾದರೆ ನೆಲ ಹೇಗೆ ನಡುಗುತ್ತಿತ್ತು, ಲೋಟದ ನೀರು ಹೇಗೆ ತುಳುಕುತ್ತಿತ್ತು ಎಂದು ಎಲ್ಲರೆದುರು ಜಂಭ ಕೊಚ್ಚಿದ್ದರು. ಗುತ್ತಿಗೆದಾರ ಅದನ್ನು ಗ್ರಂಥಾಲಯ ಸಮಿತಿಯ ಕಿವಿಗೆ ಹಾಕಿದ. ಸಮಿತಿಯವರು ಬೆಚ್ಚಿಬಿದ್ದು, ಗಟ್ಟಿ ಅಂತ ಕಣ್ಣೆದುರೇ ತೋರಿಸಿ, ಇಲ್ಲದಿದ್ದರೆ ಕೆಡವುತ್ತೇವೆ ಎಂದುಬಿಟ್ಟರು.

ಅವಳಿಗೆ ಅಳುವೇ ಬಂತು. “ಯಾಕತ್ತೆ ಹಾಗೆ ಹೇಳಿದ್ರಿ?” ಎಂದಳು.

“ಇದ್ದಿದ್ದನ್ನೇ ಹೇಳಿದೆ ಕಣೇ. ಸುಳ್ಳು ಹೇಳಬೇಕಿತ್ತಾ?”

ಹೌದಲ್ಲ, ಸುಳ್ಳೇನಲ್ಲ. ಅಷ್ಟೊಂದು ಯಂತ್ರ ಒಂದೇ ತಾಳಕ್ಕೆ ಕುಣಿದರೆ ಯಾವ ಮಹಡಿಯಾದರೂ ನಡುಗೀತು. ಕೇಳಬೇಕಾದ ಪ್ರಶ್ನೆ ಬೇರೆಯಿತ್ತು: ಭಾರ ಬಿದ್ದಾಗ ಬಾಗಿದ ನೆಲ, ಭಾರ ಇಳಿದ ಮೇಲೆ ಮತ್ತೆ ಮೇಲಕ್ಕೆ ಬರುತ್ತದೆಯೇ?

ಕಬ್ಬಿಣ ತೆಳುವಾಗಿ ಸೊರಗಿದ್ದ ಒಂದು ಕಂಬದ ಪಕ್ಕ ಹೊಸ ಉಕ್ಕಿನ ಕಂಬ ನಿಲ್ಲಿಸಿದಳು. ಮಹಡಿಯ ಮೇಲೆ ಸುತ್ತ ಮೊಣಕಾಲೆತ್ತರ ಇಟ್ಟಿಗೆ ಕಟ್ಟಿಸಿ, ಟಾರ್ಪಾಲು ಹಾಸಿ, ಪಂಪಿನಿಂದ ನೀರು ತುಂಬಿಸಿದಳು. ಕಪಾಟು ತುಂಬ ಪುಸ್ತಕವಿಟ್ಟರೆ ಆಗುವುದಕ್ಕಿಂತ ಹೆಚ್ಚಿನ ಭಾರ ಅದು. ತೊಲೆಗಳು ಕೂದಲೆಳೆಯಷ್ಟು ಬಾಗಿದರೂ ತೋರಿಸುವ ಮುಳ್ಳಿನ ಗೇಜುಗಳನ್ನು ಕೆಳಗೆ ಕೂರಿಸಿದಳು. ತಮಾಷೆ ನೋಡಲು ಗುತ್ತಿಗೆದಾರ ಕುರ್ಚಿ ಹಾಕಿಕೊಂಡೇ ಕೂತ. ನೀರು ಏರಿತು, ಮುಳ್ಳು ಸರಿಯಿತು, ಅವನ ಮುಖ ಅರಳಿತು. ಬಾಗಲೇಬೇಕು, ಬಾಗದಿದ್ದರೆ ಗೇಜು ಕೆಟ್ಟಿದೆ ಅಂತ ಅರ್ಥ ಎಂದು ಅವಳು ಗದರಿದಳು. ಗದರಿದ್ದೇನೋ ಸರಿ, ರಾತ್ರಿಯೆಲ್ಲ ಎದ್ದೆದ್ದು ಗೇಜು ನೋಡುತ್ತಲೇ ಇದ್ದಳು.

ಮರುದಿನ ಬೆಳಿಗ್ಗೆ ಸಮಿತಿಯವರ ಮುಂದೆ ನೀರು ಹೊರಗೆ ಬಿಟ್ಟರು. ಅದು ಪೈಪಿನಲ್ಲಿಳಿದು ಅಂಗಳ ದಾಟಿ, ಹಳದಿ ಯಂತ್ರದ ಬುಡಕ್ಕೇ ಹೋಗಿ ಕೆಸರೆಬ್ಬಿಸಿತು. ಇತ್ತ ಮುಳ್ಳು ನಿಧಾನಕ್ಕೆ ಹಿಂದೆ ಸರಿಯಿತು. ಸರಿಯುತ್ತ ಸರಿಯುತ್ತ ಹೊರಟಲ್ಲಿಗೇ ಬಂದು ನಿಂತಿತು. ಅವಳು ಎರಡನೆಯ ಗೇಜಿಗೆ ಓಡಿದಳು, ಮೂರನೆಯದಕ್ಕೆ ಓಡಿದಳು. ಎಲ್ಲವೂ ಮರಳಿದ್ದವು. ಹೆಲ್ಮೆಟ್ ತೆಗೆದು ಮೇಲಕ್ಕೆಸೆದು, ಮಕ್ಕಳ ಹಾಗೆ ಗಟ್ಟಿಯಾಗಿ ನಕ್ಕಳು. ಸಮಿತಿಯ ಅಧ್ಯಕ್ಷೆ ಅಲ್ಲೇ, ಕುರ್ಚಿಯ ಬೆನ್ನ ಮೇಲೆ ಕಾಗದ ಇಟ್ಟು ಒಪ್ಪಿಗೆಯ ರುಜು ಹಾಕಿದರು. ಕುರ್ಚಿ ಗುತ್ತಿಗೆದಾರನದೇ.

ಅಷ್ಟರಲ್ಲಿ ಅತ್ತೆ ಬಂದರು. ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ, ಒದ್ದೆ ನೆಲದಲ್ಲಿ ತಮ್ಮ ಯಂತ್ರವಿದ್ದ ಜಾಗ ಹುಡುಕಿ, ಅಲ್ಲಿ ನಿಂತು ಕಾಲಿನಿಂದ ದಬದಬ ತುಳಿದರು. ಹಿಂದೆಯೇ ಹತ್ತಿ ಬಂದಿದ್ದ ಗುತ್ತಿಗೆದಾರನಿಗೆ ಸುಮ್ಮನಿರಲಾಗಲಿಲ್ಲ.

“ಏನಮ್ಮಾ, ನಡುಗ್ತಿತ್ತು ಅಂದಿದ್ರಲ್ಲ?”

“ನಡುಗ್ತಿತ್ತು ಅಂದೆನಪ್ಪಾ. ಬೀಳತ್ತೆ ಅಂದ್ನಾ?” ಎಂದರು ಅತ್ತೆ. “ಅದನ್ನ ಕೇಳೋದಾಗಿದ್ರೆ ನನ್ನ ಯಾಕೆ ಕೇಳಿದೆ? ನಮ್ಮನೇಲಿ ಇಂಜಿನಿಯರ್ ಇದಾಳಲ್ಲ.”