ಸೊಸೆಯ ಉಗುರುಬಣ್ಣ

ಅಂಬಾಸಿಡರ್ ಕಾರುಗಳ ಹೊಟ್ಟೆಗೆ ಕೈ ಹಾಕುತ್ತಲೇ ರಾಯಚೂರಿನ ಅಮೀರ್ ಸಾಬರ ಗಡ್ಡ ಬೆಳ್ಳಗಾಗಿತ್ತು. ಅವರ ಸಿಟ್ಟಿಗೆ ಹೆದರಿಯೇ ಎಂಜಿನ್ನುಗಳು ಚಾಲೂ ಆಗುತ್ತವೆಂದು ಓಣಿಯವರು ಕಿಚಾಯಿಸುತ್ತಿದ್ದರು. ಅಂಥವರಿಗೆ ಎಂಬತ್ತೆಂಟನೇ ಇಸವಿಯಲ್ಲಿ, ಅದೂ ಮಗ ಅಲ್ಲಾಉದ್ದೀನನ ಮದುವೆಯ ದಿನವೇ, ಒಂದು ಮಾರುತಿ ಗಂಟುಬಿತ್ತು.

ಮದುಮಗನನ್ನು ಮಾನ್ವಿಗೆ ಒಯ್ಯಲೆಂದು ದೇವದುರ್ಗದ ಹತ್ತಿ ವ್ಯಾಪಾರಿ ಬುರ್ಹಾನುದ್ದೀನ್ ತಂದಿದ್ದ ಕಾರು ಅದು. ದಾರಿಯಲ್ಲಿ ನೀರಿನ ಪಂಪು ಸೋರಿ ಎಂಜಿನ್ ಕುದಿದಿತ್ತು. ಮೊದಲೇ ಹೈದರಾಬಾದಿನಿಂದ ತರಿಸಿಟ್ಟಿದ್ದ ಹೊಸ ಪಂಪು, ಬೆಲ್ಟು ಡಿಕ್ಕಿಯಲ್ಲೇ ಇದ್ದವು. ಹಾಕುವುದನ್ನು ಆಮೇಲೆ ನೋಡೋಣ, ಹುಡುಗ ಬಸ್ಸಿಗೆ ಹೋಗಲಿ ಎಂದ ಬುರ್ಹಾನುದ್ದೀನ್. ಅಯ್ಯೋ, ಅಮೀರ್ ಸಾಬರು ಕೆಂಡವಾದರು! ಮೆಕ್ಯಾನಿಕ್ಕನ ಮಗ ಬಸ್ಸಿನಿಂದ ಇಳಿದರೆ ಬೀಗರಿಗೆ ಮುಖ ತೋರಿಸುವುದು ಹೇಗೆ? ಮನೆಯಂಗಳದಲ್ಲೇ ಬಾನೆಟ್ ಎತ್ತಿದರು.

ಅಂಬಾಸಿಡರಿಗೆ ಒಳಗೆ ಕಬ್ಬಿಣದ ಚೈನು. ಇದಕ್ಕೋ ಹಲ್ಲಿರುವ ರಬ್ಬರ್ ಬೆಲ್ಟು. ಅದನ್ನು ಬಿಚ್ಚದೆ ಪಂಪು ಬರದು. ತಿರುಗಿ ಹಾಕುವಾಗ ಒಂದು ಹಲ್ಲು ಆಚೀಚೆಯಾದರೂ ಕಾರು ಸರಿಯಾಗಿ ಓಡದು. ಅಮೀರ್ ಸಾಬರು ಹೆಂಡತಿ ಸರ್ವರಿ ಬೇಗಮ್ಮಳ ಪಾನಿನ ಡಬ್ಬಿಯಿಂದ ಸುಣ್ಣ ತೆಗೆದು, ಬೆಲ್ಟಿಗೂ ಅದು ಸುತ್ತುವ ಹಲ್ಲುಚಕ್ರಗಳಿಗೂ ಗುರುತು ಹಾಕಿದರು. ಆಮೇಲೆ ನೀರಿನ ಪೈಪು ಕಿತ್ತರು. ಭುಸ್ಸೆಂದು ಚಿಮ್ಮಿದ ನೀರಿಗೆ ಸುಣ್ಣವೆಲ್ಲ ತೊಳೆದುಹೋಯಿತು. ಮತ್ತೆ ಹಚ್ಚಿದರೆ ಎಣ್ಣೆಯ ಜಿಡ್ಡಿಗೆ ನಿಲ್ಲಲೊಲ್ಲದು. ಕೈಯಲ್ಲಿದ್ದ ಸ್ಪ್ಯಾನರ್ ಬಿಸಾಕಿ, ತಮ್ಮನ್ನೇ ಬೈದುಕೊಂಡರು.

ಬೇಗಂ ಒಳಗಿನಿಂದ ಕೆಂಪು ಉಗುರುಬಣ್ಣದ ಸೀಸೆ ತಂದಳು. ಹೊಸ ಸೊಸೆಗೆ ಒಯ್ಯುವ ಉಡುಗೊರೆಯ ತಟ್ಟೆಯದು. ಅದರ ಸೀಲು ಒಡೆದರೆ ಬೀಗರಿಗೆ ಎಂಜಲು ಸಾಮಾನು ಕೊಟ್ಟಂತೆ. ಬೇಡವೇ ಬೇಡ ಎಂದರು ಸಾಬರು.

"ಬಾಟಲಿ ಹ್ವಾದ್ರ ಮತ್ತೊಂದು ಬರ್ತದ್ರೀ. ಹ್ವಾದ ಮಾನ ಎಲ್ಲಿಂದ ತರ್ತೀರಿ?" ಎಂದು ಆಕೆ ಸೀಲು ಮುರಿದೇಬಿಟ್ಟಳು.

ಜಿಡ್ಡು ಒರೆಸಿ ಚುಕ್ಕೆ ಇಟ್ಟಳು. ನಿಂತಿತು! ಸಾಬರು ಹಳೇ ಬೆಲ್ಟು ಬಿಚ್ಚಿ, ಪಕ್ಕದಲ್ಲಿ ಹೊಸದಿಟ್ಟು, ಹಲ್ಲಿಗೆ ಹಲ್ಲು ಎಣಿಸಿ ಗುರುತು ಮಾಡಿಕೊಂಡರು. ಪಂಪು ಕೂತಿತು, ಬೆಲ್ಟು ಬಿಗಿಯಾಯಿತು. ಚಾವಿ ತಿರುವಿದಾಗ ಎಂಜಿನ್ ಒಂದೇ ಏಟಿಗೆ ಗುರ್ರೆಂದಿತು. ಸಾಬರು ಗ್ರೀಸಿನ ಕೈಯಿಂದಲೇ ಮದುಮಗನನ್ನು ತಬ್ಬಲು ಹೋಗಿ ಎಲ್ಲರಿಂದ ಬೈಸಿಕೊಂಡರು.

ದಾರಿಯ ಕಲ್ಲೂರು ದಾಟಿತು, ಕಾರು ಕೆಮ್ಮಲೂ ಇಲ್ಲ. ಮಾನ್ವಿಯಲ್ಲಿ ತಟ್ಟೆ ಬಿಚ್ಚಿದಾಗ ಮದುಮಗಳ ತಾಯಿ ಕಮರುನ್ನೀಸಾ ಸೀಸೆಯನ್ನು ಬೆಳಕಿಗೆ ಹಿಡಿದಳು. ಬಳಸಿದ್ದನ್ನು ತಂದಿರೇನು ಎಂದು ಎಲ್ಲರೆದುರೇ ಕೇಳಿದಳು. ಬೇಗಂ ತಲೆ ತಗ್ಗಿಸಿದಳು.

ತಮ್ಮ ಕೆಲಸದಲ್ಲಿ ಇನ್ನೊಬ್ಬರ ಕೈಯಿದೆಯೆಂದು ಎಂದೂ ಒಪ್ಪದ ಅಮೀರ್ ಸಾಬರು ಬಾಗಿಲಾಚೆಯಿಂದಲೇ ಹೇಳಿದರು: "ಖರ್ಚಾದ ಬಣ್ಣ ಹೊರಗ ನಿಂತ ಕಾರಿನ ಎಂಜಿನ್ನಿನ್ಯಾಗ ಅದರೀ. ಹಚ್ಚಿದಾಕಿ ನಮ್ಮ ಬೇಗಂ. ಆಕಿ ಇಲ್ಲಾಂದ್ರ ನಿಮ್ಮ ಅಳಿಯ ಇನ್ನಾ ಬಸ್‌ಸ್ಟ್ಯಾಂಡಿನ್ಯಾಗ ಇರ್ತಿದ್ದ."

ಆಗ ಮದುಮಗಳು ಜಾಹೆದಾ, ಸೆರಗಿನೊಳಗಿಂದ ಎರಡೂ ಕೈ ಅತ್ತೆಯ ಮುಂದೆ ಚಾಚಿದಳು.

"ಉಳಿದದ್ದು ನನಗ ಹಚ್ಚರಿ."