ಮಡಿಲಕ್ಕಿಯೊಳಗಿಟ್ಟು ಕಳಿಸಿದ ಲಿಂಗ

ನನ್ನ ಅಕ್ಷರ ಚೆನ್ನಾಗಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಸಾಲು ಬಲಗಡೆಗೆ ಹೋದ ಹಾಗೆ ಕೆಳಕ್ಕೆ ಇಳಿಯುತ್ತದೆ. ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು ನಾನು. ದೊಡ್ಡ ಪದಗಳು ಗೊತ್ತಿಲ್ಲ, ಗೊತ್ತಿರುವ ಪದಗಳಲ್ಲೂ ತಪ್ಪಿರಬಹುದು. ಅದಕ್ಕೇ ಮೊದಲು ಪೆನ್ಸಿಲಿನಲ್ಲಿ ಬರೆದು, ತಿದ್ದಿ, ಆಮೇಲೆ ಪೆನ್ನಿನಲ್ಲಿ ಬರೆದಿದ್ದೇನೆ. ಗ್ರಂಥಾಲಯದ ಭೈರಮ್ಮ ಮೇಡಂ ನಮ್ಮ ಹೋಬಳಿಯ ಜನರ ಬಗ್ಗೆ ಒಂದು ಪುಸ್ತಕ ಮಾಡುತ್ತಿದ್ದಾರೆ. ನಿಮ್ಮ ಮನೆಯವರೊಬ್ಬರ ವಿಷಯ ನೀನೂ ಬರೆದುಕೊಡು ಇಂಪನಾ ಎಂದರು. ನಾನು ನಮ್ಮ ಅಜ್ಜಿ ಗುರುಸಿದ್ದಮ್ಮನ ವಿಷಯ ಬರೆಯುತ್ತಿದ್ದೇನೆ.

ನಮ್ಮ ಊರು ಮಾಯಸಂದ್ರದಿಂದ ಸ್ವಲ್ಪ ಒಳಗಿದೆ. ಮನೆಯಲ್ಲಿ ಅಜ್ಜಿ, ಅಪ್ಪ ಸದಾಶಿವಯ್ಯ ಮತ್ತು ನಾನು ಇದ್ದೇವೆ. ಅಮ್ಮ ತೀರಿಕೊಂಡಾಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆನಂತೆ. ನನ್ನನ್ನೂ ಅಕ್ಕ ಜೀವಿತಾಳನ್ನೂ ಬೆಳೆಸಿದವಳು ಅಜ್ಜಿ. ನಮ್ಮ ಮನೆಗೆ ಬಂದ ಯಾರೂ ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಮೀಟರ್ ನೋಡಲು ಬಂದವರಿಗೂ ಅಜ್ಜಿ ಒಂದು ತೆಂಗಿನಕಾಯಿ ಕೊಟ್ಟು ಕಳಿಸುತ್ತಾಳೆ.

"ಕರೆಂಟ್ ಬಿಲ್ಲಿಗಿಂತ ನಿನ್ ಕಾಯಿನೇ ಜಾಸ್ತಿ ಆಯ್ತು ಕಣವ್ವ" ಎಂದು ಅಪ್ಪ ಒಮ್ಮೆ ಅಂದರು.

"ಇರ್ಲಿ ಬುಡು. ಮರ ಲೆಕ್ಕ ಹಾಕ್ಕೊಂಡು ಕೊಡ್ತದಾ?" ಅಂದಳು ಅಜ್ಜಿ.

ಅಕ್ಕ ನರ್ಸಿಂಗ್ ಓದಿದಳು. ಆಮೇಲೆ ಜರ್ಮನ್ ಭಾಷೆ ಕಲಿತು, ಪರೀಕ್ಷೆ ಬರೆದು, ಜರ್ಮನಿಯ ಒಂದು ಸಣ್ಣ ಪಟ್ಟಣದ ಆಸ್ಪತ್ರೆಗೆ ಹೋದಳು. ಭಾವ ಜ್ಞಾನೇಶ್ ಕಂದಿಕೆರೆಯವರು, ಅವರಿಗೂ ಅಲ್ಲೇ ಕೆಲಸ. ಅಕ್ಕ ಹೋದ ಮೇಲೆ ಅಜ್ಜಿಗೆ ಪಾರ್ಸೆಲ್ ಕಳಿಸುವುದೇ ಒಂದು ಹಬ್ಬವಾಯಿತು. ಹುರಿಗಡಲೆ ಚಟ್ನಿಪುಡಿ, ಸಾರಿನ ಪುಡಿ, ಉಂಡೆ ಕೊಬ್ಬರಿ ಎಲ್ಲ ಹೋಗುತ್ತಿದ್ದವು. ಆ ದೇಶದಲ್ಲಿ ನಮ್ಮ ಪಾರ್ಸೆಲ್ ಎಷ್ಟೋ ಸಲ ನೇರವಾಗಿ ಮನೆಗೆ ಬರುವುದಿಲ್ಲ, ಕಸ್ಟಮ್ಸ್ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಅಕ್ಕನಿಗೆ ಕಾಗದ ಬರುತ್ತದೆ. ಅವಳು ರೈಲಿನಲ್ಲಿ ಹೋಗಿ, ಟೋಕನ್ ಹಿಡಿದು ಕಾದು, ಅಧಿಕಾರಿಯ ಮುಂದೆ ತಾನೇ ಡಬ್ಬ ಬಿಚ್ಚಿ ಒಂದೊಂದೇ ಸಾಮಾನು ತೋರಿಸಬೇಕು.

ಮೊದಲ ಸಲ ಅಧಿಕಾರಿ ಉಂಡೆ ಕೊಬ್ಬರಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರಂತೆ. ಇದರೊಳಗೆ ಏನಿದೆ ಎಂದು ಕೇಳಿದರಂತೆ. ಏನೂ ಇಲ್ಲ ಎಂದು ಅಕ್ಕ ಹೇಳಿದ್ದಕ್ಕೆ ಅವರ ಅನುಮಾನ ಇನ್ನೂ ಹೆಚ್ಚಾಗಿ, ಎರಡು ಹೋಳು ಮಾಡಿ ನೋಡಿದರಂತೆ. ಅಕ್ಕ ಫೋನಿನಲ್ಲಿ ಇದನ್ನು ಹೇಳಿದಾಗ ಅಜ್ಜಿ ಬಿದ್ದು ಬಿದ್ದು ನಕ್ಕಳು.

"ತಿಪಟೂರು ಮಂಡೀಲೂ ಕೊಯ್ದೇ ಅಲ್ವೇನೇ ನೋಡಾದು. ಪಾಪ, ಅವ್ರಿಗೂ ಒಂದು ಹೋಳು ಕೊಟ್ಟು ಬರ್ಬೇಕಾಗಿತ್ತು" ಎಂದಳು.

ಈ ವರ್ಷ ಅಕ್ಕ ಬಸುರಿಯಾದಳು. ನಾವು ಲಿಂಗ ಕಟ್ಟುವವರು. ಹೊಟ್ಟೆಯಲ್ಲಿರುವ ಕೂಸಿಗೆ ಎಂಟನೇ ತಿಂಗಳಿನಲ್ಲಿಯೇ ಲಿಂಗ ತಂದು ತಾಯಿಯ ತೋಳಿಗೆ ಕಟ್ಟುವುದು, ಹೆರಿಗೆಯಾದ ಮೇಲೆ ಅದನ್ನೇ ಕೂಸಿಗೆ ಕಟ್ಟುವುದು ನಮ್ಮ ಮನೆಯ ಪದ್ಧತಿ. ಅಪ್ಪನಿಗೂ, ಅಕ್ಕನಿಗೂ, ನನಗೂ ಹಾಗೆಯೇ ಆಗಿದೆ. ಅಜ್ಜಿ ಉಪವಾಸವಿದ್ದು ಮಠಕ್ಕೆ ಹೋಗಿ, ಅಯ್ಯನವರ ಕೈಯಿಂದ ಲಿಂಗ ಪಡೆದು ತಂದಳು. ನೇರಳೆ ಹಣ್ಣಿನಷ್ಟು ದಪ್ಪ, ಮೇಲೆ ಕಪ್ಪು ಲೇಪ. ಲೇಪದ ಒಳಗಿರುವುದನ್ನು ಯಾರೂ ನೋಡುವುದಿಲ್ಲ. ಅದನ್ನು ಕಳಿಸಿ ಕೊಡಲು ಆ ಕಡೆಗೆ ಹೋಗುವವರು ಯಾರೂ ಇರಲಿಲ್ಲ. ಅಪ್ಪ ಗುರುತಿನವರನ್ನೆಲ್ಲ ಕೇಳಿ ನೋಡಿದರು. ಕೊನೆಗೆ ಪಾರ್ಸೆಲ್ಲೇ ಗತಿಯಾಯಿತು.

ಅಕ್ಕನಿಗೆ ಮಡಿಲು ತುಂಬುವ ಅಕ್ಕಿಯನ್ನೂ ಅದರಲ್ಲೇ ಕಳಿಸಬೇಕಿತ್ತು. ಅಜ್ಜಿ ಹೊಸ ಬಟ್ಟೆಯ ಚೀಲದಲ್ಲಿ ಅಕ್ಕಿ, ಅರಿಶಿನದ ಕೊಂಬು, ಬೆಲ್ಲ ಹಾಕಿದಳು. ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಆ ಅಕ್ಕಿಯ ನಡುವೆ ಇಟ್ಟಳು.

"ಕಂಡಕಂಡೋರ ಕೈ ತಾಗಬಾರ್ದು ಕಣವ್ವ. ಅಕ್ಕಿ ಒಳ್ಗೆ ತಣ್ಣಗಿರ್ಲಿ" ಅಂದಳು.

ನಾನೂ ಅಜ್ಜಿಯೂ ಬಸ್ಸಿನಲ್ಲಿ ತಿಪಟೂರಿನ ಅಂಚೆ ಕಚೇರಿಗೆ ಹೋದೆವು. ಪಾರ್ಸೆಲ್ ಬುಕ್ ಮಾಡುವ ಮೋಹನ್ ಕುಮಾರ್ ಅವರಿಗೆ ನಮ್ಮ ಪರಿಚಯವಿದೆ. ಅವರು ಕಂಪ್ಯೂಟರ್ ಮುಂದೆ ಕುಳಿತು ಪಟ್ಟಿ ಮಾಡತೊಡಗಿದರು.

"ಸಾರಿನ ಪುಡಿಗೆ ಎಷ್ಟು ಹಾಕ್ಲಿ ಅಜ್ಜಿ?"

"ಮನೇಲಿ ಕುಟ್ಟಿದ್ದು ಕಣಪ್ಪ. ಅದ್ಕೇನ್ ಬೆಲೆ?"

"ಹಂಗನ್ನಂಗಿಲ್ಲ ಕಣಜ್ಜಿ. ಎಲ್ಲದ್ಕೂ ಹೆಸ್ರು ಬರೀಬೇಕು, ಬೆಲೆ ಬರೀಬೇಕು. ಇಲ್ಲಾಂದ್ರೆ ಅಲ್ಲಿ ತಗೊಳಲ್ಲ."

"ದೇವ್ರ ಸಾಮಾನು ಇದ್ರೂನಾ?"

"ದೇವ್ರಿಗೂ ಬರೀಬೇಕು. ಹೋದ್ ತಿಂಗ್ಳು ಒಬ್ರು ಹಿತ್ತಾಳೆ ಗಣಪತಿ ಕಳ್ಸಿದ್ರು. ಎಂಟ್ನೂರು ರೂಪಾಯಿ ಅಂತ ನಾನೇ ಬರ್ದೆ."

"ಅದು ಅಂಗಡೀದು" ಎಂದಳು ಅಜ್ಜಿ.

ಮೋಹನ್ ಕುಮಾರ್ ಅಕ್ಕಿಯ ಚೀಲವನ್ನು ಎತ್ತಿದರು. ಅದರ ಬಾಯಿಗೆ ಕುಂಕುಮ ಹಚ್ಚಿತ್ತು. ಮಡಿಲಕ್ಕಿ ಎಂದು ಗೊತ್ತಾದ ಕೂಡಲೇ ಅವರು ಅದನ್ನು ಬಿಚ್ಚದೆ ಹಾಗೇ ಡಬ್ಬದಲ್ಲಿಟ್ಟರು. ನಮ್ಮ ಕಡೆಯ ಯಾರೂ ಅದನ್ನು ಬಿಚ್ಚುತ್ತಿರಲಿಲ್ಲ. ಪಟ್ಟಿಯಲ್ಲಿ ಅಕ್ಕಿ ಎಂದು ಬಿತ್ತು, ಲಿಂಗ ಎಂದು ಬೀಳಲಿಲ್ಲ. ನಾನು ಅಜ್ಜಿಯ ಮುಖ ನೋಡಿದೆ. ಅವಳು ನನ್ನ ಕೈ ಹಿಡಿದುಕೊಂಡು ಕುಳಿತಿದ್ದಳು.

ಕೆಲವು ದಿನ ಕಳೆದ ಮೇಲೆ ಪಾರ್ಸೆಲ್ ಜರ್ಮನಿ ತಲುಪಿದೆ ಎಂದು ಮೊಬೈಲಿಗೆ ಬಂತು. ಆಮೇಲೆ ಕಸ್ಟಮ್ಸ್‌ನಲ್ಲಿ ತಡೆದಿದ್ದಾರೆ ಎಂದು ಬಂತು. ಅದರ ಮುಂದೆ ಬಹಳ ದಿನ ಏನೂ ಬದಲಾಗಲಿಲ್ಲ. ಅಜ್ಜಿ ಬೆಳಿಗ್ಗೆ ಪೂಜೆ ಮುಗಿಸಿ ಎದ್ದ ಕೂಡಲೇ, "ನೋಡವ್ವ, ಬುಟ್ರಾ?" ಎಂದು ಕೇಳುತ್ತಿದ್ದಳು. ನಾನು ನೋಡಿ, ಇಲ್ಲ ಎನ್ನುತ್ತಿದ್ದೆ. ಅಕ್ಕನ ಎಂಟನೇ ತಿಂಗಳು ಮುಗಿಯುತ್ತಾ ಬಂದಿತ್ತು. ಅಪ್ಪ ಮೋಹನ್ ಕುಮಾರ್ ಅವರಿಗೆ ಫೋನ್ ಮಾಡಿದರು. ಆ ದೇಶದ ಕಚೇರಿಯ ಒಳಗಿನದ್ದು ನಮ್ಮ ಕೈಯಲ್ಲಿಲ್ಲ ಎಂದು ಅವರು ಹೇಳಿದರು. ಅದು ನಿಜವೇ.

ಕೊನೆಗೆ ಅಕ್ಕನಿಗೆ ಕಾಗದ ಬಂತು. ಭಾವನಿಗೆ ರಜೆ ಸಿಗಲಿಲ್ಲ, ಅಕ್ಕ ಒಬ್ಬಳೇ ಹೋದಳು. ಅವತ್ತು ಮಧ್ಯಾಹ್ನ ನಾವು ಊಟಕ್ಕೆ ಕುಳಿತಿದ್ದಾಗ ಅವಳ ವಿಡಿಯೋ ಕಾಲ್ ಬಂತು. ಕಚೇರಿಯ ಹೊರಗೆ ಒಂದು ಬೆಂಚಿನ ಮೇಲೆ ಕುಳಿತಿದ್ದಳು. ಮುಖ ಊದಿಕೊಂಡಿತ್ತು.

"ಅಜ್ಜಿ, ಅಕ್ಕಿ ಒಳ್ಗೆ ಇಟ್ಟಿದ್ದೆ ಅಂತ ನಂಗೂ ಯಾಕೆ ಹೇಳ್ಲಿಲ್ಲ?" ಎಂದಳು ಅಕ್ಕ.

"ಹೇಳಿದ್ರೆ ನೀನು ಬ್ಯಾಡ ಅಂತಿದ್ದೆ."

"ಅವ್ರ ಮಿಷಿನ್ನಲ್ಲಿ ಕಂಡೈತೆ. ಅಕ್ಕಿ ಮಧ್ಯೆ ಏನೋ ಗಟ್ಟಿ ಉಂಡೆ, ಒಳ್ಗೆ ಇನ್ನೊಂದು ಏನೋ. ಪಟ್ಟೀಲಿ ಇಲ್ಲ, ಬಚ್ಚಿಟ್ಟು ಕಳ್ಸವ್ರೆ ಅಂತಾರೆ. ಯಾತರಲ್ಲಿ ಮಾಡಿದ್ದು ಅಂತ ಕೇಳ್ತಾರೆ. ನಂಗೇನ್ ಗೊತ್ತು? ದೇವ್ರು ಅಂದೆ. ದೇವ್ರ ಒಳ್ಗೇನೈತೆ ಅಂತಾರೆ."

ಅವರು ಕೆಟ್ಟವರಲ್ಲ, ಕೂರಲು ಕುರ್ಚಿ ಕೊಟ್ಟು ನೀರು ಕೊಟ್ಟರು ಎಂದೂ ಅಕ್ಕ ಹೇಳಿದಳು. ಆದರೆ ಅವರ ನಿಯಮ ಹೀಗಿತ್ತು. ಅಕ್ಕ ಒಪ್ಪಿದರೆ ಅಲ್ಲೇ ಅವಳ ಎದುರಿಗೆ ಲೇಪ ಕೊಯ್ದು ನೋಡಿ, ಸಾಮಾನೆಲ್ಲ ಕೊಟ್ಟು ಕಳಿಸುತ್ತಾರೆ. ಒಪ್ಪದಿದ್ದರೆ ಅದನ್ನು ಪರೀಕ್ಷೆಗೆ ಬೇರೆ ಊರಿಗೆ ಕಳಿಸುತ್ತಾರೆ. ಅಲ್ಲಿಯೂ ಕೊಯ್ಯುತ್ತಾರೆ. ಅಕ್ಕ ಮತ್ತೆ ಬರಬೇಕು, ಕೇಳಿದ್ದಕ್ಕೆಲ್ಲ ಬರೆದು ಕೊಡಬೇಕು.

ಅಪ್ಪನಿಗೆ ಸಿಟ್ಟು ಬಂತು. "ಹತ್ತು ರೂಪಾಯಿ ಅಂತ ಬರ್ಸಿದ್ರೆ ಮುಗ್ದೋಗ್ತಿತ್ತಲ್ಲವ್ವ. ಯಾರು ಬಂದು ಕೇಳ್ತಿದ್ರು?"

"ಹತ್ತು ರೂಪಾಯಿ ಅಂತ ಬರ್ಸಿದ್ದನ್ನ ಕೂಸಿನ ಮೈಮೇಲೆ ಹೆಂಗಪ್ಪ ಕಟ್ಟಾದು?" ಎಂದಳು ಅಜ್ಜಿ.

ಅಪ್ಪ ತಟ್ಟೆ ಬಿಟ್ಟು ಎದ್ದು ಹೊರಗೆ ಹೋದರು. ಬರೆಸಿದ್ದರೆ ಕಸ್ಟಮ್ಸ್‌ನವರು ಬಿಡುತ್ತಿದ್ದರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ಅಜ್ಜಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಳು. ಆ ಅಧಿಕಾರಿಯ ಹತ್ತಿರ ತಾನೇ ಮಾತಾಡುತ್ತೇನೆ ಎಂದಳು. ಅವರಿಗೆ ಕನ್ನಡ ಬರಲ್ಲ ಎಂದು ಅಕ್ಕ ಹೇಳಿದಳು. ಹಾಗಾದರೆ ನೀನು ಹೇಳು ಎಂದಳು ಅಜ್ಜಿ. ಹೇಳಿದೆ ಅಜ್ಜಿ ಎಂದಳು ಅಕ್ಕ. ವಾಪಸ್ ಕಳಿಸಲು ಕೇಳು ಎಂದಳು ಅಜ್ಜಿ. ಅದನ್ನೂ ಕೇಳಿದೆ, ಏನೆಂದು ಗೊತ್ತಾಗದೆ ವಾಪಸ್ಸೂ ಕಳಿಸುವುದಿಲ್ಲವಂತೆ ಎಂದಳು ಅಕ್ಕ. ಅಕ್ಕ ಬಗ್ಗಿ ತನ್ನ ಶೂ ಸಡಿಲ ಮಾಡಲು ಹೋದಳು, ಹೊಟ್ಟೆ ಅಡ್ಡ ಬಂದು ಆಗಲಿಲ್ಲ. ಅವಳ ಕಾಲು ಶೂ ಒಳಗೆ ಹಿಡಿಸದಷ್ಟು ಊದಿದ್ದು ನಮಗೆ ಆಗ ಕಾಣಿಸಿತು.

"ಕಾಲು ಯಾವಾಗಿಂದ ಹಂಗೈತೆ?" ಎಂದು ಕೇಳಿದಳು ಅಜ್ಜಿ.

"ಬೆಳಿಗ್ಗಿಂದ. ರೈಲಲ್ಲಿ ನಿಂತ್ಕೊಂಡು ಬಂದೆ."

"ಉಂಡ್ಯಾ?"

"ಇನ್ನೂ ಇಲ್ಲ."

ಅಜ್ಜಿ ಫೋನನ್ನು ಮಡಿಲಿನಲ್ಲಿ ಇಟ್ಟುಕೊಂಡಳು. ಅಕ್ಕ ಅಲ್ಲಿಂದ ಅಜ್ಜಿ, ಅಜ್ಜಿ ಎಂದು ಕರೆಯುತ್ತಿದ್ದಳು. ಎತ್ತಿಕೊಳ್ಳಲು ನಾನು ಕೈ ಚಾಚಿದೆ, ಅವಳು ಕೊಡಲಿಲ್ಲ. ಆಮೇಲೆ ತಾನೇ ಎತ್ತಿಕೊಂಡು ನಿಧಾನವಾಗಿ ಹೇಳಿದಳು.

"ಕೊಯ್ಕೊಳ್ಳಿ ಬುಡವ್ವ. ನೀನು ಅತ್ಲಾಗೆ ತಿರುಕ್ಕೊಂಡಿರು, ನೋಡ್ಬ್ಯಾಡ. ಮನೆಗೋಗಿ ಒಂದ್ ತುತ್ತು ಉಂಡು ಕಾಲು ಮೇಲಿಟ್ಕೊಂಡು ಮಲಕ್ಕೋ."

ಕೊಯ್ದರು. ಒಳಗೆ ಒಂದು ಸಣ್ಣ ಕಲ್ಲು ಇತ್ತಂತೆ. ಅದನ್ನು ತೆಗೆದು ನೋಡಿ, ಯಂತ್ರಕ್ಕೆ ಹಿಡಿದು, ಲೇಪದ ಹೋಳುಗಳ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅಕ್ಕನ ಕೈಗೆ ಕೊಟ್ಟರಂತೆ. ಅಧಿಕಾರಿ ಕ್ಷಮಿಸಿ ಎಂದರಂತೆ. ಚೆಲ್ಲಿದ ಅಕ್ಕಿಯನ್ನೂ ಒಂದೊಂದು ಕಾಳು ಆರಿಸಿ ಚೀಲಕ್ಕೆ ತುಂಬಿಸಿ ಕೊಟ್ಟರಂತೆ. ಅಕ್ಕ ರೈಲಿನಲ್ಲಿ ಅಷ್ಟನ್ನೂ ತಬ್ಬಿಕೊಂಡು ಮನೆಗೆ ಹೋದಳು. ಆ ಅಕ್ಕಿಯಲ್ಲೇ ಭಾವ ಅವಳಿಗೆ ಮಡಿಲು ತುಂಬಿದರು. ಗಂಡಸರು ತುಂಬುವ ಪದ್ಧತಿ ನಮ್ಮಲ್ಲಿಲ್ಲ, ಆದರೆ ಅಲ್ಲಿ ಬೇರೆ ಯಾರಿದ್ದಾರೆ.

ಲೇಪ ಒಡೆದ ಲಿಂಗವನ್ನು ಕಟ್ಟುವ ಹಾಗಿಲ್ಲ. ಇನ್ನೊಂದು ತಂದು ಕಳಿಸಿದರೆ ಅದನ್ನೂ ಕೊಯ್ಯುವುದಿಲ್ಲ ಎಂದು ಯಾರೂ ಹೇಳಲಾರರು. ಹೋದ ವಾರ ಅಕ್ಕನಿಗೆ ಹೆಣ್ಣು ಮಗುವಾಯಿತು. ಮಗು ಚೆನ್ನಾಗಿದೆ. ಅಕ್ಕ ಫೋನಿನಲ್ಲಿ ಮಗುವನ್ನು ತೋರಿಸಿದಾಗ ಅಜ್ಜಿ ನಕ್ಕಳು, ಹೆಸರು ಹಿಡಿದು ಕರೆದಳು. ಫೋನ್ ಇಟ್ಟ ಮೇಲೆ, "ಬರಿಮೈಲಿ ಮಲಗೈತೆ" ಎಂದು ಹೇಳಿ ಗೋಡೆಯ ಕಡೆ ತಿರುಗಿದಳು. ಮಗುವಿನ ಮೈಮೇಲೆ ಬಟ್ಟೆ ಇತ್ತು. ಅವಳು ಹೇಳಿದ್ದು ಬಟ್ಟೆಯ ವಿಷಯವಲ್ಲ.

ಈಗ ಆ ಪ್ಲಾಸ್ಟಿಕ್ ಚೀಲ ಅಕ್ಕನ ಮನೆಯ ಬೀರುವಿನಲ್ಲಿದೆ. ಅದನ್ನು ಏನು ಮಾಡಲಿ ಎಂದು ಅವಳು ಕೇಳುತ್ತಿದ್ದಾಳೆ. ಎಸೆಯಲು ಅವಳಿಗೆ ಮನಸ್ಸಿಲ್ಲ. ಅದರ ಪಕ್ಕದಲ್ಲೇ ಮಗುವಿನ ಬಟ್ಟೆ ಇಡಲು ಹೆದರಿಕೆ. ಮಠಕ್ಕೆ ಹೋಗಿ ಅಯ್ಯನವರನ್ನೇ ಕೇಳೋಣ ಎಂದು ನಾನು ಅಜ್ಜಿಯನ್ನು ಕರೆದೆ.

"ಅವ್ರು ಕೈಯಾರೆ ಕೊಟ್ಟಿದ್ದನ್ನ ಕೊಯ್ಸಿಬುಟ್ಟೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲವ್ವ" ಎಂದಳು.

ನನಗೆ ಹೊಸಬರ ಎದುರು ಮಾತು ಹೊರಡುವುದಿಲ್ಲ. ಶಾಲೆ ಬಿಟ್ಟಿದ್ದೂ ಹೆಚ್ಚಾಗಿ ಅದಕ್ಕೇ. ಆದರೆ ಅಪ್ಪ ಮತ್ತು ಅಜ್ಜಿ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಕೇಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ನಾಳೆ ಬೆಳಿಗ್ಗೆ ನಾನೊಬ್ಬಳೇ ಬಸ್ಸಿನಲ್ಲಿ ಮಠಕ್ಕೆ ಹೋಗಿ, ಒಡೆದದ್ದನ್ನು ಅಕ್ಕ ಅಲ್ಲಿ ಏನು ಮಾಡಬೇಕೆಂದು ಅಯ್ಯನವರನ್ನು ಕೇಳಿಕೊಂಡು ಬರುತ್ತೇನೆ.